ಘಟ್ಟದಾಚೆಯ ಮಳೆ, ಘಟ್ಟದೀಚೆಯ ಲಾರಿ

ಬ್ಯಾಡಗಿಯಿಂದ ಕಡಲು ದೂರವಿಲ್ಲ. ಭೂಪಟದ ಮೇಲೆ ನೇರ ಗೆರೆ ಎಳೆದರೆ ಕುಮಟಾದ ದಂಡೆ ಸುಮಾರು 120 ಕಿಲೋಮೀಟರಿಗೇ ಸಿಗುತ್ತದೆ. ಬೆಂಗಳೂರು ಅದರ ಎರಡು ಪಟ್ಟಿಗಿಂತಲೂ ದೂರ. ಆದರೂ ಹಾವೇರಿ ಜಿಲ್ಲೆಯಲ್ಲಿ ಯಾರೂ ತಮ್ಮನ್ನು ಕಡಲಿನ ನೆರೆಯವರು ಎಂದುಕೊಳ್ಳುವುದಿಲ್ಲ. ನಡುವೆ ಸಹ್ಯಾದ್ರಿ ನಿಂತಿದೆ. ವರ್ಷದಲ್ಲಿ ಕುಮಟಾದ ಮೇಲೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಘಟ್ಟ ಹತ್ತಿ ಶಿರಸಿಗೆ ಬಂದರೆ ಸುಮಾರು 2,500. ಅಲ್ಲಿಂದ ಹಾನಗಲ್ಲಿನ ದಾರಿ ಹಿಡಿದು ಹಾವೇರಿ ಮುಟ್ಟುವಷ್ಟರಲ್ಲಿ 750ರ ಆಸುಪಾಸಿಗೆ ಇಳಿದಿರುತ್ತದೆ. ರಾಣೆಬೆನ್ನೂರಿನ ಪಾಲು ಇನ್ನೂ ಕಡಿಮೆ.

ಈ ಅಂಕಿಗಳಲ್ಲೇ ಈ ಅಧ್ಯಾಯದ ಸಮಸ್ಯೆ ಅಡಗಿದೆ. ಜುಲೈ ತಿಂಗಳಲ್ಲಿ ಬ್ಯಾಡಗಿ ಬಳಿಯ ಮೋಟೆಬೆನ್ನೂರಿನ ಹೆದ್ದಾರಿಯ ಬದಿ ಎಷ್ಟೋ ಸಲ ಒಣಗಿಯೇ ಇರುತ್ತದೆ. ಲಾರಿಗೆ ಲೋಡು ಆಗಿದೆ, ತಾಡಪತ್ರಿ ಬಿಗಿದಿದೆ, ಡ್ರೈವರ್ ಸಿದ್ಧನಿದ್ದಾನೆ. ಆದರೆ ಟ್ರಾನ್ಸ್‌ಪೋರ್ಟ್ ಆಫೀಸಿನವರು ‘ಘಾಟ್ ಬಂದ್ ಆಗೇತಿ, ತಡಿ’ ಎನ್ನುತ್ತಾರೆ. ಲಾರಿಯನ್ನು ನಿಲ್ಲಿಸುವ ಮಳೆ ಲಾರಿ ಇರುವಲ್ಲಿ ಬೀಳುವುದಿಲ್ಲ. ಅದು ನೂರು, ಇನ್ನೂರು, ಕೆಲವೊಮ್ಮೆ ನಾಲ್ಕು ನೂರು ಕಿಲೋಮೀಟರು ಆಚೆ ಬೀಳುತ್ತದೆ. ಬಂದರಿನಿಂದ ದೂರದ ಊರುಗಳ ಸಾಗಣೆಯನ್ನು ಅರಿಯಬೇಕಾದರೆ ನಮ್ಮ ತಲೆಯ ಮೇಲಿನ ಆಕಾಶ ಸಾಲದು, ದಾರಿಯುದ್ದದ ಆಕಾಶವನ್ನು ನೋಡಬೇಕು.

ಜೂನಿನಿಂದ ಸೆಪ್ಟೆಂಬರಿನವರೆಗೆ ಅರಬ್ಬಿ ಸಮುದ್ರದ ಮೇಲಿಂದ ಬಲವಾದ ಗಾಳಿ ನಮ್ಮ ಕರಾವಳಿಯತ್ತ ಬೀಸುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಅದರ ವೇಗ ಅತಿ ಹೆಚ್ಚು. ಸಾವಿರಾರು ಕಿಲೋಮೀಟರು ಬೆಚ್ಚನೆಯ ನೀರಿನ ಮೇಲೆ ಹಾದು ಬಂದ ಈ ಗಾಳಿ ತೇವದಿಂದ ತುಂಬಿರುತ್ತದೆ. ಸಹ್ಯಾದ್ರಿ ಅಡ್ಡ ಬಂದಾಗ ಅದು ಮೇಲೇರಲೇಬೇಕು. ಏರಿದಂತೆ ಒತ್ತಡ ಇಳಿಯುತ್ತದೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿಗೆ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹೊತ್ತು ತಂದ ನೀರಿನ ದೊಡ್ಡ ಪಾಲನ್ನು ಘಟ್ಟದ ಪಶ್ಚಿಮ ಮೈಮೇಲೆ ಸುರಿದುಬಿಡುತ್ತದೆ. ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವಾಗ ಇದೆಲ್ಲ ತಿರುಗುಮುರುಗಾಗುತ್ತದೆ. ಇಳಿವ ಗಾಳಿ ಬಿಸಿಯಾಗುತ್ತದೆ, ಮೋಡ ಚದುರುತ್ತದೆ. ಹಾವೇರಿ ಈ ಮಳೆನೆರಳಿನ ಅಂಚಿನಲ್ಲಿದೆ.

ಬ್ಯಾಡಗಿಯ ಹೆಸರನ್ನು ಜಗತ್ತಿಗೆ ಒಯ್ದ ಮೆಣಸಿನಕಾಯಿ ಈ ನೆರಳಿನ ಮಗುವೇ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಕೆಂಪಿನ ಮೂಲ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು. ಕೊಚ್ಚಿಯ ಸುತ್ತಲಿನ ಕಾರ್ಖಾನೆಗಳು ದ್ರಾವಕ ಬಳಸಿ ಕಾಯಿಯಿಂದ ಬಣ್ಣದ ಸಾರ ತೆಗೆಯುತ್ತವೆ. ಓಲಿಯೋರೆಸಿನ್ ಎನ್ನುವ ಆ ಸಾರ ತಿನಿಸುಗಳಿಗೂ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಸೇರುತ್ತದೆ. ಕಾಯಿ ಗಿಡದಲ್ಲೇ ಮಾಗಿ, ಕಣದಲ್ಲಿ ಹರಡಿದಾಗ ಒಂದೇ ಸಮ ಒಣಬೇಕು. ತೇವ ನೂರಕ್ಕೆ ಹತ್ತು, ಹನ್ನೊಂದಕ್ಕೆ ಇಳಿಯಬೇಕು. ಕುಮಟಾದ ಹವೆಯಲ್ಲಿ ಇದು ಆಗದ ಕೆಲಸ, ಬಯಲು ಸೀಮೆಯ ಮಾಗಿ ಬಿಸಿಲಿನಲ್ಲಿ ಆಗುತ್ತದೆ. ಮೆಣಸಿನಕಾಯಿಗೆ ಒಣ ಬಿಸಿಲು ಕೊಟ್ಟ ಬೆಟ್ಟವೇ ಅದರ ಕಡಲ ದಾರಿಗೂ ಅಡ್ಡ ನಿಂತಿದೆ. ಒಂದನ್ನು ಪಡೆದು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಇದು ಲಾರಿಗಳ ಕಾಲದಲ್ಲಿ ಹುಟ್ಟಿದ ಪೇಚಾಟವೂ ಅಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಎರೆ ಹೊಲಗಳ ಮೇಲೆ ಬಿತ್ತು. ಇಂದಿನ ಹಾವೇರಿ, ರಾಣೆಬೆನ್ನೂರು ಆಗ ಧಾರವಾಡ ಜಿಲ್ಲೆಯವೇ. ಇಲ್ಲಿನ ಹತ್ತಿ ಹೇರೆತ್ತುಗಳ ಬೆನ್ನ ಮೇಲೆ, ಚಕ್ಕಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಬಿಟ್ಟು ಹಡಗು ಹತ್ತಿದ ಊರಿನ ಹೆಸರಿನಿಂದಲೇ, ಕುಮಟಾ ಹತ್ತಿ ಎಂದು, ವಿಲಾಯತಿಯ ಪೇಟೆ ಅದನ್ನು ಗುರುತಿಸಿತು. ಕುಮಟಾದ್ದು ತೆರೆದ ರೇವು, ಮಳೆಗಾಲದ ಅಲೆಗೆ ಅಲ್ಲಿ ಹಡಗು ನಿಲ್ಲುತ್ತಿರಲಿಲ್ಲ. ಹತ್ತಿ ಬಿಡಿಸುವುದು ಬೇಸಗೆಯ ಹೊತ್ತಿಗೆ. ಜೂನಿನ ಮೊದಲ ಮಳೆಯೊಳಗೆ ಅದು ಘಟ್ಟ ಇಳಿದು ಹಡಗು ಹತ್ತದಿದ್ದರೆ ಮುಂದಿನ ನಾಲ್ಕು ತಿಂಗಳು ಗೋದಾಮಿನಲ್ಲೇ ಗತಿ. ಎಲ್ಲ ಕಾಲಕ್ಕೂ ತೆರೆದಿರುವ ಬಂದರು ಬೇಕೆಂಬ ಒತ್ತಾಯ ಎಷ್ಟು ಜೋರಾಗಿತ್ತೆಂದರೆ, ಕಾರವಾರದ ಬಂದರನ್ನು ಬೆಳೆಸುವ ಉದ್ದೇಶಕ್ಕಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮಳೆಗಾಲದ ಸಾಗಣೆಯ ತೊಡಕು ಒಂದು ಜಿಲ್ಲೆಯ ಆಡಳಿತದ ಗಡಿಯನ್ನೇ ಬದಲಿಸಿತು. ಮುಂದೆ 1880ರ ದಶಕದ ಕೊನೆಗೆ ಮೊರ್ಮುಗಾವಿಗೆ ರೈಲು ಹೋದ ಮೇಲೆ ಕುಮಟಾದ ವ್ಯಾಪಾರ ಸೊರಗಿತು.

ಈಗ ಹಾವೇರಿಯ ಸರಕಿಗೆ ಒಂದಲ್ಲ, ಹಲವು ಬಂದರುಗಳಿವೆ: ಮಂಗಳೂರಿನ ಪಣಂಬೂರು, ಕಾರವಾರ, ಮೊರ್ಮುಗಾವು, ಮುಂಬಯಿಯ ಎದುರು ದಂಡೆಯ ನ್ಹಾವಾ ಶೇವಾ, ಕೊಚ್ಚಿ, ಚೆನ್ನೈ. ಎಣಿಸಿದರೆ ನೆಮ್ಮದಿ ಎನಿಸುತ್ತದೆ. ಆದರೆ ಬಂದರುಗಳು ಬೇರೆ ಬೇರೆಯಾದರೂ ಅಲ್ಲಿಗೆ ಹೋಗುವ ರಸ್ತೆಗಳು ಕೆಲವೇ ಗಂಟುಗಳಲ್ಲಿ ಕೂಡುತ್ತವೆ. ಪಶ್ಚಿಮಕ್ಕೆ ಇಳಿಯಲು ಹುಬ್ಬಳ್ಳಿ, ಯಲ್ಲಾಪುರದ ಮೂಲಕ ಅರೆಬೈಲ್ ಘಟ್ಟ, ಶಿರಸಿಯಿಂದ ದೇವಿಮನೆ ಘಟ್ಟ, ಶಿವಮೊಗ್ಗದ ಕಡೆಯಿಂದ ಹುಲಿಕಲ್ ಘಟ್ಟ, ಬಹಳ ಸುತ್ತಿದರೆ ಹಾಸನದ ಆಚೆಯ ಶಿರಾಡಿ. ಆಗುಂಬೆಯ ತಿರುವುಗಳು ದೊಡ್ಡ ಲಾರಿಗಲ್ಲ. 2019ರ ಆಗಸ್ಟಿನ ಕುಸಿತಗಳ ಬಳಿಕ ಚಾರ್ಮಾಡಿಯೂ ಭಾರಿ ವಾಹನಗಳಿಗೆ ಮುಚ್ಚಿತು. ಅರೆಬೈಲಿನಿಂದ ಇಳಿದವರು ಅಂಕೋಲಾದಲ್ಲಿ, ದೇವಿಮನೆಯಿಂದ ಇಳಿದವರು ಕುಮಟಾದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರುತ್ತಾರೆ. ಕಡಲಿಗೂ ಬೆಟ್ಟಕ್ಕೂ ನಡುವೆ ಸಿಕ್ಕ ಕಿರಿದಾದ ಪಟ್ಟಿಯ ಮೇಲೆ ಓಡುವ ದಾರಿ ಅದು.

ಅಂಕೋಲಾಕ್ಕೂ ಕುಮಟಾಕ್ಕೂ ನಡುವೆ ಗಂಗಾವಳಿಯ ದಂಡೆಯಲ್ಲಿ ಶಿರೂರು ಇದೆ. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿ, ರಸ್ತೆಯನ್ನು ದಾಟಿ ನದಿಗೇ ಇಳಿಯಿತು. ರಸ್ತೆ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಚಹಾಕ್ಕೆಂದು ಗಾಡಿ ನಿಲ್ಲಿಸಿದ್ದ ಡ್ರೈವರುಗಳು, ಸತ್ತವರು ಮತ್ತು ಕಣ್ಮರೆಯಾದವರು ಸೇರಿ 11 ಮಂದಿ. ಅನಿಲದ ಟ್ಯಾಂಕರೊಂದು ನದಿಯಲ್ಲಿ ತೇಲಿಹೋಯಿತು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಮುಳುಗಿತು. ಗೋವಾದಿಂದ ಡ್ರೆಜರ್ ತರಿಸಿ, ಸೆಪ್ಟೆಂಬರ್ 25ರಂದು ಅದನ್ನು ಮೇಲೆತ್ತಿದಾಗ ಡ್ರೈವರಿನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ಎಪ್ಪತ್ತೊಂದು ದಿನ ಒಂದು ಮನೆ ಕಾದಿತ್ತು. ಸರಕು ಸಾಗಣೆಯ ಪುಸ್ತಕಗಳು ವಿಳಂಬ, ಅಡಚಣೆ ಎಂಬ ತಣ್ಣನೆಯ ಮಾತುಗಳಲ್ಲಿ ಇಂಥದ್ದನ್ನು ಲೆಕ್ಕ ಹಾಕುತ್ತವೆ. ಆ ಲೆಕ್ಕವೂ ಬೇಕು, ಮುಂದೆ ಹಾಕೋಣ. ಆದರೆ ಮೊದಲ ನಷ್ಟ ಯಾವುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಗುಡ್ಡ ಯಾಕೆ ಜಾರುತ್ತದೆ? ಕರಾವಳಿಯ ಗುಡ್ಡಗಳ ಮೇಲ್ಪದರ ಜಂಬಿಟ್ಟಿಗೆ. ಗಟ್ಟಿಯಾಗಿ ಕಂಡರೂ ಮೈಯೆಲ್ಲ ತೂತು, ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದರ ಕೆಳಗೆ ಸಾಮಾನ್ಯವಾಗಿ ಬಿಳಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣಿನ ಪದರವಿರುತ್ತದೆ. ನುಣ್ಣನೆಯ ಆ ಮಣ್ಣು ಒಣಗಿದ್ದಾಗ ಕಡಿದರೆ ಗೋಡೆಯಂತೆ ನಿಲ್ಲುತ್ತದೆ, ನೆನೆದಾಗ ಕಸುವು ಕಳೆದುಕೊಳ್ಳುತ್ತದೆ. ಮೇಲಿನಿಂದ ಇಳಿದ ನೀರು ಇಲ್ಲಿ ತಡೆದು ನಿಲ್ಲುತ್ತದೆ. ನೀರಿನ ತೂಕದಿಂದ ಗುಡ್ಡ ಕುಸಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ತೂಕವೂ ಒಂದು ಕಾರಣವೇ, ಆದರೆ ದೊಡ್ಡ ಕಾರಣ ಬೇರೆ. ಬಾವಿಯಿಂದ ಸೇದುವ ಕೊಡ ನೀರಿನೊಳಗೆ ಇರುವ ತನಕ ಹಗುರ, ಮೇಲೆ ಬಂದಾಗ ಭಾರ. ಮಣ್ಣಿನ ಕಣಗಳಿಗೂ ಹಾಗೆಯೇ. ಕಣಗಳ ನಡುವಿನ ಸಂದುಗಳಲ್ಲಿ ತುಂಬಿದ ನೀರು ಒತ್ತಡ ಕೊಟ್ಟು ಅವುಗಳನ್ನು ಎತ್ತಿ ಹಿಡಿಯುತ್ತದೆ. ಒಂದರ ಮೇಲೊಂದು ಊರಿ ಕೂತಾಗ ಹುಟ್ಟುವ ತಿಕ್ಕಾಟವೇ ಇಳಿಜಾರನ್ನು ನಿಲ್ಲಿಸಿರುವುದು. ಕಣಗಳು ಹಗುರಾದಾಗ ಆ ಹಿಡಿತ ಸಡಿಲುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ವಿವರಿಸಿದ ಈ ತತ್ವದ ಮೇಲೆಯೇ ಇಂದಿನ ಮಣ್ಣಿನ ವಿಜ್ಞಾನ ನಿಂತಿದೆ. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಧಾರ ಮೊದಲೇ ಹೋಗಿರುತ್ತದೆ, ಮಳೆ ಉಳಿದದ್ದನ್ನು ಮುಗಿಸುತ್ತದೆ.

ನೀರಿನ ಪ್ರಮಾಣ ನೋಡಿ. ಭಾರತೀಯ ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿಲಿಮೀಟರು ಮೀರಿದ್ದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಒಂದು ಚದರ ಕಿಲೋಮೀಟರಿನ ಗುಡ್ಡದ ಮೇಲೆ 200 ಮಿಲಿಮೀಟರು ಬಿದ್ದರೆ ಎರಡು ಲಕ್ಷ ಟನ್ ನೀರು. ಹತ್ತು ಟನ್ನಿನ ಲಾರಿಗಳಲ್ಲಿ ಹೇರಿದರೆ ಇಪ್ಪತ್ತು ಸಾವಿರ ಲೋಡು. ಅಷ್ಟೂ ಒಂದೇ ದಿನದಲ್ಲಿ ಇಳಿಯಬೇಕು, ಇಲ್ಲವೇ ಇಂಗಬೇಕು.

ಶಿರೂರಿನಲ್ಲಿ ರಸ್ತೆ ಮುಚ್ಚಿದಾಗ ಅರೆಬೈಲಿನಿಂದ ಇಳಿದು ಮಂಗಳೂರಿಗೆ ಹೋಗುವ ದಾರಿಯೂ, ದೇವಿಮನೆಯಿಂದ ಇಳಿದು ಕಾರವಾರಕ್ಕೆ ಹೋಗುವ ದಾರಿಯೂ ಒಟ್ಟಿಗೆ ಕಡಿದುಹೋದವು. ಅದೇ ಮಳೆಗಾಲದಲ್ಲಿ ಶಿರಸಿ–ಕುಮಟಾ ರಸ್ತೆಯಲ್ಲೂ ಗುಡ್ಡ ಜಾರಿತು. ಶಿರಾಡಿಯಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಮಣ್ಣು ಮತ್ತೆ ಮತ್ತೆ ಕುಸಿಯಿತು. ರೈಲಿಗೆ ಹಾಕೋಣವೆಂದರೆ ಹಾಸನ–ಮಂಗಳೂರು ಮಾರ್ಗ ಯಡಕುಮೇರಿಯ ಹತ್ತಿರ ಜುಲೈ 26ರಂದು ಬಂದ್ ಆಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಅದರ ಮೇಲಿದ್ದ ಲಾರಿ ನದಿಗೆ ಬಿದ್ದರೂ ಡ್ರೈವರ್ ಬದುಕುಳಿದ. ಒಂದು ದಾರಿ ತಪ್ಪಿದರೆ ಇನ್ನೊಂದು ಇದೆ ಎಂಬ ಲೆಕ್ಕಾಚಾರ ನಿಂತಿರುವುದು ಎರಡೂ ಒಂದೇ ಸಲ ಕೈಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆ. ಸಹ್ಯಾದ್ರಿಯಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಒಂದೇ ಗಾಳಿ, ಒಂದೇ ಮೋಡದ ಸಾಲು ಗೋವಾದಿಂದ ಕೊಡಗಿನವರೆಗೆ ಎಲ್ಲ ಘಟ್ಟಗಳನ್ನೂ ಅದೇ ವಾರ ತೋಯಿಸುತ್ತದೆ.

ಹಾಗಾದರೆ ಘಟ್ಟದ ಸಹವಾಸವೇ ಬೇಡ, ಹೆದ್ದಾರಿ 48 ಹಿಡಿದು ಉತ್ತರಕ್ಕೆ ನ್ಹಾವಾ ಶೇವಾಕ್ಕೆ ಹೋಗೋಣ ಎಂದರೆ? ಅಲ್ಲೂ ಸಹ್ಯಾದ್ರಿ ಬೆನ್ನು ಬಿಡುವುದಿಲ್ಲ. ಘಟ್ಟದ ನೆತ್ತಿಯ ಮಳೆ ಪೂರ್ವಕ್ಕೆ ಹರಿಯುವ ನದಿಗಳಾಗಿ ಬಂದು ಹೆದ್ದಾರಿಯನ್ನು ಅಡ್ಡಗಟ್ಟುತ್ತದೆ. 2019ರ ಆಗಸ್ಟಿನಲ್ಲಿ ಪಂಚಗಂಗಾ ನದಿ ಕೊಲ್ಹಾಪುರದ ಬಳಿ ರಸ್ತೆಯ ಮೇಲೆ ಹರಿದು ಸುಮಾರು ಒಂದು ವಾರ ಪುಣೆ–ಬೆಂಗಳೂರು ಸಂಚಾರ ನಿಂತಿತು. ಸಾವಿರಾರು ಲಾರಿಗಳು ಎರಡೂ ಬದಿಗೆ ಸಾಲುಗಟ್ಟಿದವು. 2021ರ ಜುಲೈ ಕೊನೆಯಲ್ಲಿ ಅದೇ ಕಥೆ ಮರುಕಳಿಸಿತು, ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆಯೂ ಹೆದ್ದಾರಿಗೆ ಏರಿತ್ತು. ನಮ್ಮದೇ ವರದೆ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಅಲ್ಲಿನ ಮಳೆಯನ್ನು ಹೊತ್ತು ಹಾನಗಲ್ಲು, ಹಾವೇರಿ, ಸವಣೂರುಗಳ ಹೊಲ ಹಾದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. 2019ರಲ್ಲಿ ಹಾವೇರಿ ಜಿಲ್ಲೆಯ ಊರುಗಳಿಗೆ ನುಗ್ಗಿದ ನೀರಿನಲ್ಲಿ ಬಹುಪಾಲು ಹೀಗೆ ಮಲೆನಾಡಿನಿಂದ ಬಂದದ್ದೇ.

ಈಗ ಆ ತಣ್ಣನೆಯ ಲೆಕ್ಕಕ್ಕೆ ಬರೋಣ. ಮೂರು ದಿನ ರಸ್ತೆ ಬಂದ್ ಆದರೆ ಮೂರು ದಿನ ತಡ ಎಂದು ನಾವು ಎಣಿಸುತ್ತೇವೆ. ಅದು ಸರಿಯಲ್ಲ. ಒಂದು ಘಾಟಿ ರಸ್ತೆಯೋ ಬಂದರಿನ ಗೇಟೋ ಗಂಟೆಗೆ 100 ಲಾರಿಗಳನ್ನು ದಾಟಿಸಬಲ್ಲದು, ಅಲ್ಲಿಗೆ ಗಂಟೆಗೆ 90 ಲಾರಿ ಬರುತ್ತಿವೆ ಎಂದು ಊಹಿಸಿ. ಮಾಮೂಲು ದಿನಗಳಲ್ಲಿ ಹೆಚ್ಚು ಕಾಯುವ ಕೆಲಸವಿಲ್ಲ. ಒಂದು ದಿನ, 24 ಗಂಟೆ, ಮುಚ್ಚಿತು ಅನ್ನಿ. 2,160 ಲಾರಿಗಳ ಸಾಲು ಬೆಳೆಯಿತು. ತೆರೆದ ಮೇಲೂ ಹೊಸ ಲಾರಿಗಳು ಗಂಟೆಗೆ 90ರಂತೆ ಬರುತ್ತಲೇ ಇರುತ್ತವೆ. ಹಾಗಾಗಿ ಸಾಲು ಕರಗುವುದು ಗಂಟೆಗೆ ಹತ್ತರಂತೆ ಮಾತ್ರ. ಪೂರ್ತಿ ಕರಗಲು 216 ಗಂಟೆ, ಅಂದರೆ ಒಂಬತ್ತು ದಿನ. ಬರುವ ಲಾರಿ 95 ಆಗಿದ್ದರೆ ಹತ್ತೊಂಬತ್ತು ದಿನ. ಬದಲಿಗೆ 60 ಆಗಿದ್ದರೆ ಒಂದೂವರೆ ದಿನದಲ್ಲೇ ಮುಗಿಯುತ್ತದೆ. ಮೂರೂ ಕಡೆ ಮಳೆ ಒಂದೇ, ಮುಚ್ಚಿದ ಅವಧಿಯೂ ಒಂದೇ. ಬೇರೆಯಾದದ್ದು ರಸ್ತೆಯಲ್ಲಿ ಉಳಿದ ಬಿಡುವು. ದಿನವೂ ತುಂಬಿ ತುಳುಕುವ ರಸ್ತೆಗೆ ಒಂದು ದಿನದ ಮಳೆಯಿಂದ ಚೇತರಿಸಿಕೊಳ್ಳಲು ವಾರಗಳು ಬೇಕಾಗುವುದು ಇದಕ್ಕೇ. ಬಳಸುದಾರಿಯ ಮೇಲೆ ಭಾರ ಬಿದ್ದಾಗಲೂ ಇದೇ ಗಣಿತ. ಅದುವರೆಗೆ ಸುಗಮವಾಗಿದ್ದ ದಾರಿ ತನ್ನ ಮಿತಿ ಮುಟ್ಟಿ, ಅಲ್ಲೊಂದು ಹೊಸ ಸಾಲು ಹುಟ್ಟುತ್ತದೆ.

ಬಂದರಿನ ಕಡೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಹಡಗು ಹೊರಡುವ ಮುನ್ನ ಇಂತಿಷ್ಟು ಗಂಟೆಯೊಳಗೆ ಕಂಟೇನರ್ ಗೇಟು ದಾಟಿರಬೇಕು, ಅದಕ್ಕೆ ಕಟ್-ಆಫ್ ಎನ್ನುತ್ತಾರೆ. ಅರ್ಧ ದಿನ ತಡವಾದರೂ ಆ ಹಡಗು ತಪ್ಪಿತು. ವಾರಕ್ಕೊಂದು ಹಡಗಿನ ಮಾರ್ಗವಾದರೆ ಅರ್ಧ ದಿನದ ಮಳೆ ಒಂದು ವಾರದ ನಷ್ಟವಾಗುತ್ತದೆ. ಇತ್ತ ರಸ್ತೆಯಲ್ಲಿ ಸರಕಿನೊಂದಿಗೆ ಸಾಗುವ ಈ-ವೇ ಬಿಲ್ಲಿನ ಅವಧಿಯೂ ಸವೆಯುತ್ತಿರುತ್ತದೆ. ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಎಂಬುದು ಸಾಮಾನ್ಯ ಸರಕಿನ ನಿಯಮ. ನೈಸರ್ಗಿಕ ವಿಕೋಪದ ಕಾರಣ ಕೊಟ್ಟು ಅವಧಿ ವಿಸ್ತರಿಸಲು ಅವಕಾಶವಿದೆ, ಆದರೆ ಅವಧಿ ಮುಗಿಯುವ ಮೊದಲಿನ ಎಂಟು ಗಂಟೆ ಅಥವಾ ನಂತರದ ಎಂಟು ಗಂಟೆಯೊಳಗೆ ಮಾಡಬೇಕು. ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ನಿಂತ ಡ್ರೈವರಿಗೆ ಈ ಎಂಟು ಗಂಟೆ ಸಾಕಾಗದೇ ಹೋಗಬಹುದು. ಬಾಡಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಸಿಗುವವನಿಗೆ ನಿಂತ ದಿನ ಗಳಿಕೆಯಿಲ್ಲದ ದಿನ, ಊಟ ಮಾತ್ರ ಕೈಯಿಂದ.

ಸರಕು ಕೂಡ ಸುಮ್ಮನೆ ಕಾಯುವುದಿಲ್ಲ. ಒಣ ಮೆಣಸಿನಕಾಯಿ ಗಾಳಿಯ ತೇವವನ್ನು ಹೀರುತ್ತದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಬಣ್ಣ ಕಾಪಾಡಿಕೊಂಡಿದ್ದ ಕಾಯಿ ಮಳೆಗಾಲದಲ್ಲಿ ಹೊರಟು ಘಟ್ಟದ ಮಂಜಿನಲ್ಲಿ ಎರಡು ರಾತ್ರಿ ನಿಂತರೆ, ತಾಡಪತ್ರಿ ಹನಿಯನ್ನು ತಡೆದೀತು, ಗಾಳಿಯ ತೇವವನ್ನು ತಡೆಯದು. ತೇವ ಏರಿದಾಗ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಹಿಡಿಯುತ್ತದೆ. ಅದು ಹುಟ್ಟಿಸುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಕಾಯಿಸಿದರೂ ಬೇಯಿಸಿದರೂ ಸುಲಭಕ್ಕೆ ಹೋಗುವಂಥದ್ದಲ್ಲ. ಯುರೋಪಿನ ಒಕ್ಕೂಟ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಟಾಕ್ಸಿನ್ ನೂರು ಕೋಟಿಯಲ್ಲಿ ಹತ್ತು ಭಾಗ ಮೀರಬಾರದು ಎನ್ನುತ್ತದೆ. ಒಂದು ಟನ್ನಿಗೆ ಹತ್ತು ಮಿಲಿಗ್ರಾಂ. ಮುಚ್ಚಿದ ಕಂಟೇನರಿನೊಳಗೂ ಅಪಾಯ ತಪ್ಪಿದ್ದಲ್ಲ. ಹಗಲು ಬಿಸಿಯಾದಾಗ ಚೀಲಗಳಿಂದ ಆವಿ ಏಳುತ್ತದೆ, ರಾತ್ರಿ ಉಕ್ಕಿನ ಮಾಡು ತಣ್ಣಗಾದಾಗ ಅದು ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಸಾಗಣೆಯವರು ಇದಕ್ಕೆ ಕಂಟೇನರ್ ಮಳೆ ಎನ್ನುತ್ತಾರೆ. ತೇವ ಹೀರುವ ಪೊಟ್ಟಣಗಳನ್ನು ಒಳಗೆ ತೂಗುಹಾಕುವುದು ಪ್ರಯಾಣದ ದಿನಗಳನ್ನು ಎಣಿಸಿ. ನಿಂತ ದಿನಗಳು ಆ ಎಣಿಕೆಯಲ್ಲಿ ಇರುವುದಿಲ್ಲ.

ಮೆಣಸಿನಕಾಯಿಯ ಹಂಗಾಮು ಡಿಸೆಂಬರಿನಿಂದ ಮೇ ತನಕ, ಹೆಚ್ಚಿನ ಮಾಲು ಒಣ ದಿನಗಳಲ್ಲೇ ಸಾಗಿರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಎನಿಸುವುದು ಎದುರು ದಿಕ್ಕಿನಿಂದ, ಬಂದರಿನಿಂದ ಹಾವೇರಿಗೆ, ಬರುವ ಸರಕು. ಅದು ಗೊಬ್ಬರ. ಪಣಂಬೂರಿನಲ್ಲಿ ಹಡಗಿನಿಂದ ಇಳಿದ ಗೊಬ್ಬರ ಘಟ್ಟ ಹತ್ತುವುದು ರೈಲಿನಲ್ಲೂ ಲಾರಿಯಲ್ಲೂ. ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳ ಬಿತ್ತುವುದು ಜೂನಿನಲ್ಲಿ. ಸುಮಾರು ಒಂದು ತಿಂಗಳಿಗೆ ಬೆಳೆ ಮೊಣಕಾಲೆತ್ತರ ಬಂದಾಗ ಮೇಲುಗೊಬ್ಬರವಾಗಿ ಯೂರಿಯಾ ಬೇಕು. ಅದೇ ಜುಲೈಯಲ್ಲಿ ಘಟ್ಟದ ಮಳೆ ಶಿಖರ ಮುಟ್ಟಿರುತ್ತದೆ. ಮಳೆ ಸುರಿವಾಗ ಹಡಗಿನ ಹೊಟ್ಟೆಯ ಮುಚ್ಚಳ ತೆರೆದು ಗೊಬ್ಬರ ಇಳಿಸಲೂ ಆಗದು, ನೀರು ಬಿದ್ದರೆ ಯೂರಿಯಾ ಕರಗಿಹೋಗುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಆ ಕೊರತೆಗೆ ಘಟ್ಟದ ಮಳೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಹದ ತಪ್ಪುವ ಭಯ ಏನೆಂದು ಈ ಊರಿಗೆ ಗೊತ್ತು. ಬಿತ್ತಿದ ಬೆಳೆಗೆ ಹತ್ತು ದಿನ ತಡವಾಗಿ ಬಂದ ಯೂರಿಯಾ ಹಿಂದಿನ ಹತ್ತು ದಿನಗಳನ್ನು ಮರಳಿ ಕೊಡಲಾರದು.

ಮಳೆಗಾಲದ ಹೊರಗೂ ಈಗ ನೆಮ್ಮದಿ ಕಡಿಮೆಯಾಗುತ್ತಿದೆ. ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಗಿಂತ ಶಾಂತ ಎಂದು ನಾವು ಓದಿ ಬೆಳೆದವರು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅಲ್ಲಿ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು, ಅತಿ ತೀವ್ರವಾದವುಗಳದ್ದು ಶೇ. 150ರಷ್ಟು ಹೆಚ್ಚಿದೆ. ಕಡಲಿನ ಮೇಲ್ಪದರ ಬಿಸಿಯಾಗಿರುವುದು ಮುಖ್ಯ ಕಾರಣ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹೋಯಿತು. ಪಡುಬಿದ್ರಿಯ ಬಳಿ ಒಂದು ಟಗ್ ಮಗುಚಿತು, ಗುಜರಾತಿನಲ್ಲಿ ದಂಡೆ ಮುಟ್ಟುವ ಮುನ್ನ ಮುಂಬಯಿಯ ಬಂದರು ಕೆಲಸವೂ ನಿಂತಿತು. ಬಂದರುಗಳಲ್ಲಿ ಅಪಾಯ ತಿಳಿಸಲು 1ರಿಂದ 11ರವರೆಗಿನ ಸಂಕೇತಗಳಿವೆ. ಹಡಗಿನವರು, ಮೀನುಗಾರರು ಅವನ್ನು ನೋಡಿ ನಡೆಯುತ್ತಾರೆ. ಅದೇ ಬಂದರಿನತ್ತ ಹೊರಟ ಲಾರಿಗೆ ಅಂಥ ಯಾವ ಸಂಕೇತವೂ ಇಲ್ಲ.

ಇರಲು ಸಾಧ್ಯವೇ? ವಿಜ್ಞಾನದ ಕಡೆಯಿಂದ ಉತ್ತರ ಆಶಾದಾಯಕ. 1980ರಲ್ಲಿ ನೆಲ್ ಕೇನ್ ಎಂಬ ಭೂವಿಜ್ಞಾನಿ ಜಗತ್ತಿನ ಬೇರೆ ಬೇರೆ ಕಡೆಯ 73 ಕುಸಿತಗಳ ಮಳೆಯನ್ನು ಒಟ್ಟುಗೂಡಿಸಿ, ಎಷ್ಟು ಹೊತ್ತು ಎಷ್ಟು ಜೋರಾಗಿ ಸುರಿದರೆ ಇಳಿಜಾರು ಜಾರಬಹುದು ಎಂಬ ಸೂತ್ರ ಕೊಟ್ಟರು. ಆ ಸೂತ್ರದಂತೆ 24 ಗಂಟೆಗೆ ಸುಮಾರು 103 ಮಿಲಿಮೀಟರು, ಮೂರು ದಿನಕ್ಕೆ ಸುಮಾರು 200 ಮಿಲಿಮೀಟರು ಕನಿಷ್ಠ ಮಿತಿ. ಅದನ್ನು ಹಾಗೆಯೇ ಕುಮಟಾಕ್ಕೆ ತಂದರೆ ಜುಲೈ ಪೂರ್ತಿ ರಸ್ತೆ ಮುಚ್ಚಬೇಕಾದೀತು, ಅಲ್ಲಿ 100 ಮಿಲಿಮೀಟರು ವಿಶೇಷವೇ ಅಲ್ಲ. ಹೆಚ್ಚು ಮಳೆಗೆ ಒಗ್ಗಿದ ನೆಲದ ಮಿತಿಯೂ ಹೆಚ್ಚು. ಆದ್ದರಿಂದ ದೇವಿಮನೆಗೆ ದೇವಿಮನೆಯದೇ, ಶಿರಾಡಿಗೆ ಶಿರಾಡಿಯದೇ ಮಿತಿ ಬೇಕು. ಹಿಂದಿನ ಕುಸಿತಗಳ ದಿನಾಂಕ ಮತ್ತು ಅಂದಿನ ಮಳೆ ಗೊತ್ತಿದ್ದರೆ ಅದನ್ನು ಕಟ್ಟಬಹುದು.

ಅಳತೆಗೆ ಬೇಕಾದ ಉಪಕರಣಗಳೂ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳಿಸುತ್ತವೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಶಿರೂರು ಕುಸಿದ ಮೂರೇ ದಿನಕ್ಕೆ, 2024ರ ಜುಲೈ 19ರಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕೋಲ್ಕತಾದಲ್ಲಿ ಭೂಕುಸಿತ ಮುನ್ಸೂಚನೆಯ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿತು. ಮೊದಲ ಸೂಚನೆಗಳು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗಳಿಗೆ ಸಿಕ್ಕವು. ಭಾರಿ ವಾಹನ ತಡೆಯುವ ಅಧಿಕಾರವೂ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿದೆ, ಜಿಲ್ಲಾಧಿಕಾರಿಗಳು ಅದನ್ನು ಬಳಸುತ್ತಲೇ ಬಂದಿದ್ದಾರೆ. ಬಹಳ ಸಲ ಆ ಆದೇಶ ಬರುವುದು ಮಣ್ಣು ಬಿದ್ದ ಮೇಲೆ, ಲಾರಿಗಳು ಘಾಟಿಯ ಬಾಯಿಗೆ ಬಂದು ನಿಂತ ಮೇಲೆ. ಅಲ್ಲಿ ಹಿಂದಕ್ಕೆ ತಿರುಗಿಸಲೂ ಜಾಗವಿರುವುದಿಲ್ಲ.

ಹಾವೇರಿಯಂಥ ಊರುಗಳಿಗೆ ಇಲ್ಲೊಂದು ದೊಡ್ಡ ಕೆಲಸ ಇದೆ ಎಂದು ನನಗನ್ನಿಸುತ್ತದೆ. ಲಾರಿಯನ್ನು ನಿಲ್ಲಿಸಲು ಅತ್ಯುತ್ತಮ ಜಾಗ ಘಟ್ಟದ ನೆತ್ತಿಯಲ್ಲ, ಅದು ಲೋಡು ಆದ ಊರು. ಶಿರಸಿ, ಕುಮಟಾ, ಅಂಕೋಲಾ, ಯಲ್ಲಾಪುರದ ಮಳೆಮಾಪಕಗಳ ಮೂರು ದಿನದ ಮೊತ್ತ ಮಿತಿಯ ಸಮೀಪ ಬಂದಾಗ ಆ ಸುದ್ದಿ ಬ್ಯಾಡಗಿಯ ದಲಾಲಿ ಅಂಗಡಿಗೂ ರಾಣೆಬೆನ್ನೂರಿನ ಟ್ರಾನ್ಸ್‌ಪೋರ್ಟ್ ಆಫೀಸಿಗೂ ಬೆಳಗಿನ ಹೊತ್ತಿಗೆ ಮುಟ್ಟಲಿ. ಕಾಯುವ ಲಾರಿಗಳಿಗೆ ಮೋಟೆಬೆನ್ನೂರಿನಿಂದ ತಡಸದವರೆಗೆ ಹೆದ್ದಾರಿಯ ಬದಿ ಮಾಡು ಹಾಕಿದ ನಿಲುಗಡೆ, ಕಕ್ಕಸು, ಕುಡಿಯುವ ನೀರು ಇರಲಿ. ಒಣ ನೆಲದಲ್ಲಿ ನಿಂತ ಮೆಣಸಿನಕಾಯಿ ತೇವ ಹೀರುವುದು ಕಡಿಮೆ. ಘಾಟಿಯಲ್ಲಿ ಸಾಲು ಬೆಳೆಯದಿದ್ದರೆ ರಸ್ತೆ ತೆರೆದ ಮೇಲೆ ಕರಗಿಸಬೇಕಾದ ಹೊರೆಯೂ ಕಡಿಮೆ. ನಿಂತ ದಿನಗಳಿಗೆ ಡ್ರೈವರ್, ಕ್ಲೀನರುಗಳ ಭತ್ಯೆಯನ್ನು ಬಾಡಿಗೆಯ ಕರಾರಿನಲ್ಲೇ ಬರೆದಿಡಬೇಕು, ಇಲ್ಲವಾದರೆ ಎಚ್ಚರಿಕೆ ಸಿಕ್ಕರೂ ಹೊಟ್ಟೆಪಾಡಿಗಾಗಿ ಅವರು ಘಾಟಿ ಇಳಿಯುತ್ತಾರೆ. ಗೊಬ್ಬರದ ಮಟ್ಟಿಗೆ ಮೇ ತಿಂಗಳ ಕೊನೆಯೊಳಗೇ ಜುಲೈಯ ಯೂರಿಯಾ ಘಟ್ಟ ಹತ್ತಿ ಜಿಲ್ಲೆಯ ಗೋದಾಮುಗಳಲ್ಲಿ ಕೂತಿರಬೇಕು. ಅದಕ್ಕೆ ಹೊಸ ರಸ್ತೆಯಾಗಲಿ ಹೊಸ ಬಂದರಾಗಲಿ ಬೇಡ, ಏಪ್ರಿಲಿನಲ್ಲೇ ಹಡಗು ಗೊತ್ತು ಮಾಡಿ, ಮಳೆಗೆ ಮುನ್ನ ಗೋದಾಮಿನ ಮಾಡು ಸರಿಪಡಿಸಿಕೊಂಡರೆ ಆಗುತ್ತದೆ.